ಸಣ್ಣ ರಂಗಮಂದಿರದಲ್ಲಿ ಆಟ ನೋಡಲು ಎಲ್ಲಿ ಕೂರಬೇಕು?

ಶಿರಸಿ, ಹೊನ್ನಾವರ, ಕಾರವಾರದ ಕಡೆಯ ಸಣ್ಣ ಸಭಾಭವನಗಳಲ್ಲಿ ಯಕ್ಷಗಾನವಿರಲಿ, ನಾಟಕವಿರಲಿ, ಎಷ್ಟೋ ಸಲ ಕುರ್ಚಿಗಳಿಗೆ ನಂಬರು ಇರುವುದಿಲ್ಲ. ಮೊದಲು ಬಂದವರು ನೇರವಾಗಿ ಮುಂದಿನ ಸಾಲಿಗೇ ಹೋಗುವುದು ವಾಡಿಕೆ. ಯಕ್ಷಗಾನದ ಮಟ್ಟಿಗೆ ಅದು ಒಳ್ಳೆಯ ಜಾಗವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಳಗೆ ಹೋದ ಕೂಡಲೇ ವೇದಿಕೆಯ ಎತ್ತರವನ್ನು ಗಮನಿಸಿ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ. ವೇದಿಕೆ ನಾಲ್ಕೂವರೆ ಅಡಿ ಇದ್ದು, ವೇಷಧಾರಿ ಅಂಚಿನಿಂದ 10 ಅಡಿ ಒಳಗೆ ಕುಣಿಯುತ್ತಿದ್ದರೆ, ಅಂಚಿನಿಂದ 5 ಅಡಿ ದೂರದಲ್ಲಿ ಕುಳಿತವರಿಗೆ ಅವರ ಪಾದದಿಂದ ಒಂದು ಅಡಿಯಷ್ಟು ಭಾಗ ಕಾಣುವುದೇ ಇಲ್ಲ. 20 ಅಡಿ ಹಿಂದೆ ಕುಳಿತವರಿಗೆ ಮರೆಯಾಗುವುದು ಮೂರು ಇಂಚು ಮಾತ್ರ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಮಂಡಿ ಕುಣಿತದಲ್ಲಿ ಕಲಾವಿದರು ನೆಲಕ್ಕೆ ಮೊಣಕಾಲೂರಿ ಸುತ್ತುವಾಗ ಮುಂದಿನ ಸಾಲಿನವರಿಗೆ ಸೊಂಟದ ಮೇಲಿನ ಭಾಗವಷ್ಟೇ ತಿರುಗುತ್ತಿರುವಂತೆ ಕಾಣುತ್ತದೆ. ಮಂಡಿಯಾಗಲಿ, ಗೆಜ್ಜೆಯಾಗಲಿ, ತಾಳಕ್ಕೆ ಸರಿಯಾಗಿ ಬೀಳುವ ಹೆಜ್ಜೆಯಾಗಲಿ ಕಣ್ಣಿಗೆ ಸಿಗುವುದಿಲ್ಲ.

ಹಾಗೆಂದು ತೀರಾ ಹಿಂದೆ ಸರಿಯಲೂಬಾರದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಂಥ ಯಕ್ಷಗಾನ ತಂಡಗಳಿಂದಾಗಿ ನಮ್ಮ ಕಡೆಯ ಆಟದಲ್ಲಿ ಭಾವಾಭಿನಯಕ್ಕೆ ದೊಡ್ಡ ಮನ್ನಣೆಯಿದೆ. ಮುಖದ ಬಣ್ಣದೊಳಗಿನ ಕಣ್ಣಿನ ಚಲನೆ ಕಾಣದಿದ್ದರೆ ಅರ್ಧ ಆಟವನ್ನು ಕಳೆದುಕೊಂಡಂತೆ. ಆದ್ದರಿಂದ ಎತ್ತರದ ವೇದಿಕೆಯಿದ್ದಲ್ಲಿ ಐದನೆಯ ಅಥವಾ ಆರನೆಯ ಸಾಲು, ತಗ್ಗಿನ ವೇದಿಕೆಯಿದ್ದಲ್ಲಿ ಎರಡನೆಯ ಅಥವಾ ಮೂರನೆಯ ಸಾಲು ಸೂಕ್ತ. ಸಮತಟ್ಟಾದ ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರೆ, ಮುಂದಿನ ಇಬ್ಬರ ತಲೆಗಳ ನಡುವಿನ ಸಂದಿಗೆ ನಿಮ್ಮ ಕುರ್ಚಿ ಬರುವಂತೆ ಅರ್ಧ ಅಡಿ ಪಕ್ಕಕ್ಕೆ ಸರಿಸಿಕೊಳ್ಳಿ.

ಸಾಲಿನ ನಟ್ಟನಡುವೆ ಕೂರಬೇಕೆಂಬ ಹಟವೂ ಬೇಡ. ಬಡಗುತಿಟ್ಟಿನಲ್ಲಿ ಹಾಡುಗಾರರಾದ ಭಾಗವತರು ರಂಗಸ್ಥಳದ ಹಿಂಬದಿಯಲ್ಲಿ ಕೂರುವುದರಿಂದ, ನಡುವೆ ಕುಳಿತವರಿಗೆ ಎದುರು ನಿಂತ ವೇಷದ ಕಿರೀಟವೇ ಅವರನ್ನು ಮರೆಮಾಡುತ್ತದೆ. ಎರಡು ಮೂರು ಕುರ್ಚಿಯಷ್ಟು ಬದಿಗೆ ಸರಿದರೆ, ಪದ ಮುಗಿಯುವ ಹೊತ್ತಿಗೆ ಭಾಗವತರೂ ವೇಷಧಾರಿಯೂ ಒಬ್ಬರನ್ನೊಬ್ಬರು ಗಮನಿಸುವ ಚೆಂದ ಕಾಣುತ್ತದೆ. ಚಂಡೆ ಇರುವ ಬದಿಯನ್ನೂ ಧ್ವನಿಪೆಟ್ಟಿಗೆಯ ನೇರವನ್ನೂ ಬಿಡಿ; ಅಲ್ಲಿ ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು, ಸ್ಪಷ್ಟವಾಗಿ ಕೇಳಿಸುವುದಿಲ್ಲ.

ನಾಟಕದಲ್ಲಿ ಮೈಕಿಲ್ಲದೆ ಮಾತಾಡುವುದೂ ಉಂಟು. ಆಗ ಗೋಡೆಯ ಫ್ಯಾನಿನ ಕೆಳಗೆ ಕುಳಿತರೆ ಮೆಲುಮಾತು ಕಿವಿಗೆ ಬೀಳದು, ಕರಾವಳಿಯ ಸೆಕೆಯಲ್ಲಿ ಫ್ಯಾನು ಎಷ್ಟೇ ಹಿತವೆನಿಸಿದರೂ ಸರಿ. ಮಳೆಗಾಲದಲ್ಲಿ ತಗಡಿನ ಮಾಡಿನ ಭವನವಾದರೆ ಎರಡು ಸಾಲು ಮುಂದೆಯೇ ಕುಳಿತುಕೊಳ್ಳಿ. ಕುಳಿತೇ ಹಾಡು-ಮಾತುಗಳಲ್ಲಿ ಪ್ರಸಂಗ ನಡೆಸುವ ತಾಳಮದ್ದಳೆಗೆ ಕುಣಿತವೂ ಇಲ್ಲ, ವೇಷವೂ ಇಲ್ಲ. ಮಾತು ಚೆನ್ನಾಗಿ ಕೇಳುವ ಯಾವ ಜಾಗವಾದರೂ ಆದೀತು.

ಮಕ್ಕಳೊಂದಿಗೆ ಬಂದವರು ಮತ್ತು ನಡುವೆ ಏಳಬೇಕಾಗುವ ಹಿರಿಯರು ದಾರಿಯ ಪಕ್ಕದ ಕುರ್ಚಿ ಹಿಡಿಯುವುದು ಒಳ್ಳೆಯದು. ಆದರೆ ಬಾಗಿಲ ಸಮೀಪದ ಸಾಲು ಬೇಡ, ಪ್ರತಿ ಸಲ ಬಾಗಿಲು ತೆರೆದಾಗಲೂ ಹೊರಗಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ.