ಮನೆಯ ಸ್ಮೋಕರ್: ಆರಿಸುವುದು, ಹೊಗೆ ಹಾಕುವುದು

ಸ್ಮೋಕರ್ ಎಂದರೆ ಮಂದ ಉರಿಯಲ್ಲಿ, ಕಟ್ಟಿಗೆಯ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ. ಕೊಳ್ಳುವಾಗ ಮೊದಲು ಮುಚ್ಚಳ, ಬಾಗಿಲು ನೋಡಿ. ಸಂದಿನಲ್ಲಿ ಗಾಳಿ ನುಗ್ಗಿದರೆ ಬೆಂಕಿ ನಿಮ್ಮ ಮಾತು ಕೇಳುವುದಿಲ್ಲ. ಎಲೆಕ್ಟ್ರಿಕ್ ಸ್ಮೋಕರ್ ಸುಲಭ, ಆದರೆ ಹೊಗೆಯ ಘಮ ಕಮ್ಮಿ. ಇದ್ದಿಲಿನದು ರುಚಿಯಲ್ಲಿ ಮುಂದು, ಪಕ್ಕದಲ್ಲೇ ಕಾವಲಿರಬೇಕು. ಅದನ್ನು ಬಯಲಲ್ಲಷ್ಟೇ ಹಚ್ಚಿ.

ಹೊಸದಾದರೆ ಒಳಗೆ ಎಣ್ಣೆ ಸವರಿ 2–3 ಗಂಟೆ ಖಾಲಿ ಉರಿಸಿ.

ಶಾಖ 107ರಿಂದ 121 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕು. ಮುಚ್ಚಳದ ಮೀಟರ್ ನಂಬದೆ ಮಾಂಸ ಇಡುವ ಜಾಲರಿಯ ಮಟ್ಟದಲ್ಲಿ ಬೇರೆ ಥರ್ಮಾಮೀಟರ್ ಇಡಿ. ಬೆಂಕಿಯ ಹತೋಟಿ ಕೆಳಗಿನ ಗಾಳಿಕಿಂಡಿಯಿಂದ; ಮೇಲಿನದು ತೆರೆದೇ ಇರಲಿ, ಮುಚ್ಚಿದರೆ ಹೊಗೆ ಒಳಗೇ ಕಟ್ಟಿಕೊಂಡು ಮಾಂಸ ಕಹಿಯಾಗುತ್ತದೆ. ದಪ್ಪ ಬಿಳಿ ಹೊಗೆ ಹೋಗಿ, ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬಂದಮೇಲೆಯೇ ಮಾಂಸ ಇಡಿ. ಒಣಗಿದ ಸೇಬು, ಓಕ್, ಹಿಕರಿ ಕಟ್ಟಿಗೆ ಸರಿ. ಅಂಟು ಸೋರುವ ಪೈನ್ ಬೇಡವೇ ಬೇಡ. ಕಟ್ಟಿಗೆಯನ್ನು ನೀರಲ್ಲಿ ನೆನೆಹಾಕುವುದು ದಂಡ.

ಹಂದಿಯ ಭುಜದ ತುಂಡು ಒಳಗೆ 65–75 ಡಿಗ್ರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ಕೂತುಬಿಡುತ್ತದೆ. ಮೇಲಿನ ತೇವ ಆವಿಯಾಗುತ್ತಾ ಮಾಂಸವನ್ನು ತಣಿಸುವುದೇ ಕಾರಣ. ಗಾಬರಿಯಿಂದ ಉರಿ ಹೆಚ್ಚಿಸಬೇಡಿ. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿಡಿ. ಸುಮಾರು 95 ಡಿಗ್ರಿಗೆ, ಕಡ್ಡಿ ಚುಚ್ಚಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಬೇಕು. ಆಮೇಲೆ ಒಂದು ಗಂಟೆ ಸುತ್ತಿದಂತೆಯೇ ಬಿಟ್ಟು ಎಳೆ ಬಿಡಿಸಿ. ಕೋಳಿಗೆ 74 ಡಿಗ್ರಿ ಸಾಕು.