ಮೂರು ಎಚ್‌ಪಿಗೆ ಒಂದೇ ಫೇಸ್

ದಾವಣಗೆರೆಯ ನಿಟ್ಟುವಳ್ಳಿಯ ನನ್ನ ಶೆಡ್ಡಿಗೆ ಇರುವುದು ಮನೆಗಳಿಗೆ ಬರುವಂಥ ಸಿಂಗಲ್ ಫೇಸ್ ಲೈನ್, ದೊಡ್ಡ ಮೋಟಾರುಗಳಿಗೆ ಬೇಕಾದ ಮೂರು ಫೇಸಿನದಲ್ಲ. ಮಂಡಕ್ಕಿ ಭಟ್ಟಿಯವರಿಗೆ ಬುಷ್, ಅಡಿಕೆ ಸುಲಿಯುವ ಯಂತ್ರಕ್ಕೆ ಶಾಫ್ಟ್, ಪುಲ್ಲಿ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು ನಾನು. ಹರಿಹರದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಹಳೆಯ ಲೇತ್ ಒಂದು ಮಾರಾಟಕ್ಕಿದೆ ಎಂದು ತಿಳಿದಾಗ ಹಿಂದೆಮುಂದೆ ನೋಡದೆ ಕೊಂಡುಬಿಟ್ಟೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಅದು. ಬೆಡ್ ತುಸು ಸವೆದಿತ್ತು, ಗೇರುಗಳು ಗಟ್ಟಿಯಾಗಿದ್ದವು, ಮೋಟಾರನ್ನು ಮಾತ್ರ ಯಾರೋ ಮೊದಲೇ ಬಿಚ್ಚಿಕೊಂಡು ಹೋಗಿದ್ದರು.

ಮೊದಲು ಕೂರಿಸಿದ್ದು 2 ಎಚ್‌ಪಿಯ (ಅಶ್ವಶಕ್ತಿಯ) ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರು. ಅದು ತಿರುಗಿತು, ಕೆಲಸ ಮಾಡಲಿಲ್ಲ. ಲೇತಿನಲ್ಲಿ ದಿನಕ್ಕೆ ನೂರು ಸಲ ನಿಲ್ಲಿಸಿ ಓಡಿಸಬೇಕು. ಪ್ರತಿ ಸಲವೂ, ವೇಗ ಏರಿದಾಗ ಸ್ಟಾರ್ಟಿಂಗ್ ಸುರುಳಿಯನ್ನು ಬಿಡಿಸುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಕಿಡಿ ಹಾರಿಸಬೇಕು. ಎರಡು ತಿಂಗಳಲ್ಲಿ ಅದರ ಕಾಂಟ್ಯಾಕ್ಟ್ ಸುಟ್ಟಿತು. ಉಲ್ಟಾ ತಿರುಗಿಸಬೇಕಾದರೆ ಪೂರ್ತಿ ನಿಲ್ಲುವ ತನಕ ಕಾಯಬೇಕು, ಅವಸರ ಮಾಡಿದರೆ ಇದ್ದ ದಿಕ್ಕಿಗೇ ಮತ್ತೆ ಓಡುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಸಿಂಗಲ್ ಫೇಸ್ ಮೋಟಾರಿನ ಬಲ ಒಂದೇ ಸಮನಾಗಿ ಬರುವುದಿಲ್ಲ. 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಫಿನಿಷಿಂಗ್ ಕಟ್ ತೆಗೆದ ಶಾಫ್ಟಿನ ಮೇಲೆ ಆ ನಡುಕದ ಗೆರೆಗಳು ಕಾಣುತ್ತಿದ್ದವು.

ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಮಾಡುವಂತೆ ಕೆಪಾಸಿಟರ್ ಹಾಕಿ ಮೂರು ಫೇಸಿನ ಮೋಟಾರನ್ನೇ ಓಡಿಸು ಎಂದವರೂ ಇದ್ದರು. ಪಂಪಿನ ಭಾರ ಒಂದೇ ತೆರನಾಗಿರುತ್ತದೆ, ಹೇಗೋ ನಡೆಯುತ್ತದೆ. ಲೇತಿನ ಭಾರ ಕಟ್‌ನಿಂದ ಕಟ್‌ಗೆ ಬದಲಾಗುತ್ತದೆ. ಆ ದಾರಿ ಹಿಡಿಯಲಿಲ್ಲ.

ಉಳಿದದ್ದು ವಿಎಫ್‌ಡಿ ಡ್ರೈವ್. ಸಿಂಗಲ್ ಫೇಸ್ 230 ವೋಲ್ಟ್ ಒಳಗೆ ತೆಗೆದುಕೊಂಡು ಮೂರು ಫೇಸ್ ಹೊರಗೆ ಕೊಡುವ, ಹರ್ಟ್ಸ್ ಏರಿಳಿಸಿ ಮೋಟಾರಿನ ವೇಗವನ್ನೂ ಬದಲಿಸುವ ಪೆಟ್ಟಿಗೆ. ಅಂಗಡಿಯವರು 5 ಎಚ್‌ಪಿ ಮೋಟಾರು ತೋರಿಸಿ, 'ದೊಡ್ಡದೇ ಇರಲಿ ಬಿಡಿ' ಎಂದರು. ನನಗೂ ಆಸೆ. ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. 5 ಎಚ್‌ಪಿ ಎಂದರೆ 3,730 ವ್ಯಾಟ್. ನಷ್ಟ ಸೇರಿಸಿದರೆ ಸುಮಾರು 4.4 ಕಿಲೋವ್ಯಾಟ್. 230ರಿಂದ ಭಾಗಿಸಿದರೆ 19 ಆಂಪಿಯರ್. ಡ್ರೈವ್ ಮಾತ್ರ ಕರೆಂಟನ್ನು ಅಲೆಯ ತುದಿಯಲ್ಲಷ್ಟೇ ಹೀರುವುದರಿಂದ ನಿಜವಾಗಿ ಎಳೆಯುವುದು 30 ಆಂಪಿಯರ್ ದಾಟುತ್ತದೆ. ನನ್ನ ಲೈನಿಗೆ ಅದು ಹೊರಲಾರದ ಹೊರೆ. 3 ಎಚ್‌ಪಿಗೆ ಇಳಿದೆ. ಅದಕ್ಕೂ ಪೂರ್ತಿ ಭಾರದಲ್ಲಿ 20ರ ಮೇಲೆ ಬೇಕು. ಮಂಜೂರಾದ ಲೋಡ್ ಹೆಚ್ಚಿಸಿಕೊಂಡು, 4 ಚದರ ಮಿಲಿಮೀಟರಿನ ತಾಮ್ರದ ವೈರ್, ಹೊರೆ ಮೀರಿದರೆ ತಾನೇ ಬೀಳುವ 32 ಆಂಪಿಯರಿನ ಎಂಸಿಬಿ ಸ್ವಿಚ್ ಹಾಕಿಸಿದೆ.

ದೊಡ್ಡ ಮೋಟಾರಿಗೆ ಇನ್ನೊಂದು ತೊಡಕಿದೆ, ಅದನ್ನು ತಿಳಿಸಿದವರು ವೈಂಡಿಂಗ್ ಮಾಡುವ ಚಾಚಾ. ಸಿಂಗಲ್ ಫೇಸಿನ ಡ್ರೈವ್ ಹೊರಗೆ ಕೊಡುವುದೂ 230 ವೋಲ್ಟೇ, ಮೂರು ಫೇಸಿನ ಲೈನಿನಲ್ಲಿ ಬರುವ 415 ಅಲ್ಲ. 'ಪ್ಲೇಟಿನ ಮೇಲೆ ಎಚ್‌ಪಿ ಆಮೇಲೆ ನೋಡಪ್ಪಾ, ಸ್ಟಾರೋ ಡೆಲ್ಟಾನೋ ಅದನ್ನು ಮೊದಲು ನೋಡು' ಎಂದರು. ಮೋಟಾರಿನ ಮೂರು ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಕಟ್ಟಿದರೆ ಸ್ಟಾರ್, ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ತ್ರಿಕೋನ ಮಾಡಿದರೆ ಡೆಲ್ಟಾ. ನಮ್ಮಲ್ಲಿ ಸಿಗುವ 5 ಎಚ್‌ಪಿ ಮತ್ತು ಅದಕ್ಕಿಂತ ದೊಡ್ಡ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಡೆಲ್ಟಾ. ಅವನ್ನು 230ಕ್ಕೆ ತರಬೇಕಾದರೆ ವೈಂಡಿಂಗನ್ನೇ ಬದಲಿಸಬೇಕು. 3 ಎಚ್‌ಪಿಯವರೆಗಿನವು ಹೆಚ್ಚಾಗಿ ಸ್ಟಾರ್. ಸ್ಟಾರನ್ನು ಡೆಲ್ಟಾ ಮಾಡಿದರೆ 415 ಇದ್ದದ್ದು 240 ಆಗುತ್ತದೆ.

ನಾನು ಗುಜರಿಯಲ್ಲಿ ಹಿಡಿದ ಮೋಟಾರಿನಿಂದ ಹೊರಬಂದಿದ್ದು ಮೂರೇ ತಂತಿ. ಸ್ಟಾರಿನ ಗಂಟು ವೈಂಡಿಂಗಿನೊಳಗೇ ವಾರ್ನಿಷಿನಲ್ಲಿ ಹೂತಿತ್ತು. ಚಾಚಾ ಅದನ್ನು ಬಿಸಿ ಮಾಡಿ, ದಾರ ಬಿಡಿಸಿ, ಗಂಟು ಕತ್ತರಿಸಿ ಆರು ತುದಿಗಳನ್ನು ಹೊರಗೆ ತಂದುಕೊಟ್ಟರು. ಅರ್ಧ ದಿನದ ಕೆಲಸ. ಅವರ ಕೈಯ ತಾಳ್ಮೆ ನನಗಿಲ್ಲ. ಪ್ಲೇಟಿನಲ್ಲಿದ್ದ 4.7 ಆಂಪಿಯರ್ ಡೆಲ್ಟಾದಲ್ಲಿ 8.1 ಆಗುತ್ತದೆ. ಡ್ರೈವಿನಲ್ಲಿ ತುಂಬಬೇಕಾದ ಅಂಕಿ ಇದು, ಪ್ಲೇಟಿನದ್ದಲ್ಲ.

ತಪ್ಪು ಮಾಡಿದ್ದು ಆಮೇಲೆ. ಲೇತನ್ನು ನೇರ, ಉಲ್ಟಾ ತಿರುಗಿಸುವ ಹಳೆಯ ಡ್ರಮ್ ಸ್ವಿಚ್ಚನ್ನು ಡ್ರೈವಿಗೂ ಮೋಟಾರಿಗೂ ನಡುವೆ ಹಾಗೆಯೇ ಬಿಟ್ಟಿದ್ದೆ. ಓಡುತ್ತಿರುವಾಗ ಹಿಡಿ ತಿರುಗಿಸಿದೆ, ಡ್ರೈವ್ ಓವರ್ ಕರೆಂಟ್ ತೋರಿಸಿ ನಿಂತಿತು. ಸುಡದೆ ಉಳಿದದ್ದು ಪುಣ್ಯ. ಈಗ ಮೋಟಾರಿನ ತಂತಿ ನೇರವಾಗಿ ಡ್ರೈವಿಗೆ ಹೋಗುತ್ತದೆ. ಡ್ರಮ್ ಸ್ವಿಚ್ ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗಳಿಗೆ ಸೂಚನೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ.

ನಿಲ್ಲುವ ಸಮಯವನ್ನು ಒಂದು ಸೆಕೆಂಡಿಗೆ ಇಟ್ಟಾಗ ಓವರ್ ವೋಲ್ಟೇಜ್ ಬಂತು. ಕಡೆಯುವ ತುಂಡನ್ನು ಹಿಡಿದು ತಿರುಗುವ ಭಾರದ ಚಕ್ ನಿಲ್ಲುವಾಗ ಮೋಟಾರನ್ನೇ ಜನರೇಟರ್ ಮಾಡಿ ಡ್ರೈವಿಗೆ ಕರೆಂಟು ವಾಪಸು ತಳ್ಳುತ್ತದೆ. ಆ ಕರೆಂಟನ್ನು ಶಾಖವಾಗಿಸಿ ಕಳೆಯುವ ಬ್ರೇಕಿಂಗ್ ರೆಸಿಸ್ಟರ್ ಹಾಕಬಹುದಿತ್ತು, ಆದರೆ ನನ್ನದು ತಿರುಪಿನ ಚಕ್, ತಟ್ಟನೆ ನಿಂತರೆ ಬಿಚ್ಚಿಕೊಂಡು ಮೈಮೇಲೆ ಬರಬಹುದು. ಐದು ಸೆಕೆಂಡ್ ಇಟ್ಟೆ. ಡ್ರೈವನ್ನು ಲೇತಿನಿಂದ ದೂರ, ಗೋಡೆಯ ಮೇಲೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸಿದ್ದೇನೆ, ಬೀಡು ಕಬ್ಬಿಣದ ಪುಡಿ ಒಳಗೆ ಹೋಗಬಾರದೆಂದು. ಆ ಪೆಟ್ಟಿಗೆ ತೆರೆಯುವಾಗ ಮೇನ್ ಆರಿಸಿ ಹತ್ತು ನಿಮಿಷ ಕಾಯುತ್ತೇನೆ. ಒಳಗಿನ ಕೆಪಾಸಿಟರ್‌ಗಳಲ್ಲಿ 325 ವೋಲ್ಟ್ ಡಿಸಿ ನಿಂತಿರುತ್ತದೆ.

ಡ್ರೈವ್ ಇದ್ದರೆ ಬೆಲ್ಟ್ ಬದಲಿಸುವ ಗೋಜಿಲ್ಲ ಎನ್ನುವವರ ಮಾತು ಅರ್ಧ ನಿಜ. 25 ಹರ್ಟ್ಸ್‌ಗೆ ಇಳಿಸಿದರೆ ವೇಗ ಅರ್ಧವಾಗುತ್ತದೆ, ತಿರುಚುವ ಬಲ ಇದ್ದಷ್ಟೇ ಇರುತ್ತದೆ, ಹಾಗಾಗಿ 3 ಎಚ್‌ಪಿ ಒಂದೂವರೆಯಾಗುತ್ತದೆ. ಬೆಲ್ಟ್ ಅಥವಾ ಬ್ಯಾಕ್ ಗೇರ್ ವೇಗ ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ದೊಡ್ಡ ಪುಲ್ಲಿ ಹಿಡಿದಾಗ ನಾನು ಈಗಲೂ ಬ್ಯಾಕ್ ಗೇರ್‌ಗೇ ಕೈ ಹಾಕುತ್ತೇನೆ. 15 ಹರ್ಟ್ಸ್‌ನಲ್ಲಿ ಹೊತ್ತುಗಟ್ಟಲೆ ಓಡಿಸಿದರೆ ಮೋಟಾರಿನ ಫ್ಯಾನೂ ನಿಧಾನವಾಗಿ ಮೋಟಾರು ಬಿಸಿಯೇರುತ್ತದೆ.

ಕಳೆದ ವಾರ ಚನ್ನಗಿರಿ ಕಡೆಯ ರೈತರೊಬ್ಬರು ಶಾಫ್ಟ್ ಮಾಡಿಸಲು ಬಂದವರು ಲೇತನ್ನು ನೋಡಿ, ತಮ್ಮ ಅಡಿಕೆ ಸುಲಿಯುವ ಯಂತ್ರದ 5 ಎಚ್‌ಪಿ ಮೋಟಾರಿಗೂ ಹೀಗೇ ಮಾಡಬಹುದೇ ಎಂದು ಕೇಳಿದರು. ಪ್ಲೇಟಿನ ಫೋಟೊ ತರಿಸಿಕೊಂಡು ನೋಡಿದೆ. 415, ಡೆಲ್ಟಾ. 'ಯಜಮಾನರೇ, ಇದಕ್ಕೆ ಡ್ರೈವ್ ಕೊಳ್ಳಬೇಡಿ, ಮೂರು ಫೇಸಿನ ಲೈನಿಗೆ ಅರ್ಜಿ ಹಾಕಿ' ಎಂದೆ. ಶಾಫ್ಟ್ ಮಾತ್ರ ಅಂದೇ ಸಂಜೆ ಕಟ್ಟಿಕೊಟ್ಟೆ.