ಹಳೆಯ ಬ್ರಿಟಿಷ್ ಕಾರಿಗೆ ಬೇರೆ ಎಂಜಿನ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಬಳ್ಳಾರಿಯ ಬೇಸಿಗೆ ದೊಡ್ಡ ಪರೀಕ್ಷೆ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಕಾರು ನಿಂತುಹೋದರೆ, 'ಈ ಎಂಜಿನ್ ಕಿತ್ತೊಗೆದು ಬೇರೆ ಕೂರಿಸಿಬಿಡೋಣ' ಎನ್ನಿಸುವುದು ಸಹಜ. ಕೂರಿಸಬಹುದು. ಆದರೆ ಯಾವ ಎಂಜಿನ್ ಎಂಬ ಪ್ರಶ್ನೆಗೆ ಉತ್ತರ ಗುಜರಿ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಕಾರಿನ ಬಾನೆಟ್ಟಿನ ಕೆಳಗೇ ಸಿಗುತ್ತದೆ.

ಮೊದಲು ತಪ್ಪು ಎಂಜಿನ್ನಿನದೇ ಎಂದು ಖಚಿತಪಡಿಸಿಕೊಳ್ಳಿ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಬಿಸಿಯಾದಾಗ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುವ ಕಾರಿನಲ್ಲಿ ಬಹಳ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರ್‌ಗೆ ಏರದೆ ಹೋಗಿರುತ್ತದೆ. ಕಾರು ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕೆಲವು ನಿಮಿಷ ಕಾಯಿರಿ. ಕಾರು ಸ್ಟಾರ್ಟ್ ಆದರೆ ಪೈಪನ್ನು ಸೈಲೆನ್ಸರ್ ಕಡೆಯಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿ. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಬೇಗ ಹಾಳಾಗುತ್ತವೆ. ಅವನ್ನೂ ಬದಲಿಸಿ.

ಎರಡನೆಯದು ನೀರು. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ತುಂಬಿದ ರೇಡಿಯೇಟರ್‌ನ ನಳಿಗೆಗಳಲ್ಲಿ ಬಿಳಿ ಪದರ ಕಟ್ಟಿ ಶಾಖ ಹೊರಹೋಗುವುದೇ ಇಲ್ಲ. ನೀರು ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆದೆಸೆದರೆ ತಂಪಾಗುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ಪ್ಲಗ್ಗಿನ ಕಿಡಿಗೆ ಸಂಬಂಧಿಸಿದ ಪಾಯಿಂಟ್, ಕಂಡೆನ್ಸರ್, ಅರ್ಥಿಂಗ್ ವೈರುಗಳನ್ನೂ ನೋಡಿಸಿ. ಲ್ಯೂಕಸ್ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ಅಂತರ ಸುಮಾರು 0.4 ಮಿ.ಮೀ. ಇರಬೇಕು.

ಇಷ್ಟಾದರೂ ಕಾಯಿಲೆ ಬಿಡದಿದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿ ಇರುವಾಗಲೇ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರ್‌ಗೆ ಮೀಟರ್ ಹಚ್ಚಿ ಸೆಲ್ಫ್ ಹೊಡೆಯಿರಿ. ನಾಲ್ಕರ ಅಳತೆಯೂ ಹತ್ತಿರ ಹತ್ತಿರ ಇದ್ದರೆ ಒಳ್ಳೆಯದು. ಒಂದು ಕಡಿಮೆ ತೋರಿದರೆ ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಳತೆ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂತಿಲ್ಲ. ಪಕ್ಕಪಕ್ಕದ ಎರಡು ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಈ ಮೂರಕ್ಕೂ ಎಂಜಿನ್ ಬದಲಿಸಬೇಕಿಲ್ಲ. ಬ್ಲಾಕ್ ಸೀಳಿದ್ದರೆ, ಕ್ರ್ಯಾಂಕ್ ಇನ್ನು ಕಡೆಯಲಾಗದಷ್ಟು ಸವೆದಿದ್ದರೆ, ಬಿಡಿಭಾಗ ಸಿಗದಿದ್ದರೆ ಮಾತ್ರ ಮುಂದುವರಿಯಿರಿ.

ಬ್ರಿಟನ್ನಿನಲ್ಲಿ 1970ರಿಂದ 1977ರವರೆಗೆ ತಯಾರಾದ ಟ್ರಯಂಫ್ ಸ್ಟ್ಯಾಗ್ ಕಾರಿನ ಕತೆ ಇಲ್ಲಿ ನೆನಪಿಡಬೇಕು. ಅದರ ಮೂರು ಲೀಟರ್ ವಿ8 ಎಂಜಿನ್ ಕುದಿಯುವುದಕ್ಕೇ ಹೆಸರಾಯಿತು. ಅನೇಕರು ಅದನ್ನು ಕಿತ್ತು ರೋವರ್‌ನ 3.5 ಲೀಟರ್ ವಿ8 ಕೂರಿಸಿದರು. ಮುಂದೆ, ನೀರಿನ ದಾರಿಗಳನ್ನು ಶುಚಿ ಮಾಡಿ ಒಳ್ಳೆಯ ರೇಡಿಯೇಟರ್ ಹಾಕಿದರೆ ಮೂಲ ಎಂಜಿನ್ನೇ ಚೆನ್ನಾಗಿ ಓಡುತ್ತದೆಂದು ಹಲವರು ಕಂಡುಕೊಂಡರು. ಈಗ ಮೂಲ ಎಂಜಿನ್ ಉಳಿಸಿಕೊಂಡ ಸ್ಟ್ಯಾಗ್‌ಗೇ ಮನ್ನಣೆ.

ಗ್ಯಾರೇಜಿಗಿಂತ ಮುಂಚೆ ಆರ್‌ಟಿಒ ಕಚೇರಿ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಒಂದು, ಆರ್‌ಸಿಯಲ್ಲಿ ಇನ್ನೊಂದು ಎನ್ನುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಉಲ್ಲಂಘಿಸಿದರೆ 182ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ನಿಮ್ಮ ಗಾಡಿ ಕೆಎ 34 ಇರಲಿ, ಕೊಪ್ಪಳದ ಕೆಎ 37 ಇರಲಿ, ಹಣ ಕೊಡುವ ಮೊದಲೇ ಸಂಬಂಧಿಸಿದ ಆರ್‌ಟಿಒಗೆ ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ಕೇಳಿ. ಬಾಯಿಮಾತಿನ 'ಆಗುತ್ತೆ ಬಿಡಿ' ನಾಳೆ ಅಪಘಾತವಾದಾಗ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿಲ್ಲ. 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ ₹20,000 ಶುಲ್ಕ ಕಟ್ಟಿ ವಿಂಟೇಜ್ ನೋಂದಣಿ ಪಡೆಯಬಹುದು. ಎಂಜಿನ್ ಮಾರ್ಪಡಿಸಿದ ಕಾರಿಗೆ ಆ ಅವಕಾಶ ತಪ್ಪುತ್ತದೆ. ಅಜ್ಜನ ಕಾಲದ ಗಾಡಿಯಾಗಿದ್ದರೆ, ಅದನ್ನು ನಿತ್ಯ ಓಡಿಸುವ ಅಗತ್ಯ ಇಲ್ಲದಿದ್ದರೆ, ಎಂಜಿನ್ ಮುಟ್ಟಲೇಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಒಂದೇ ವಂಶದ ಎಂಜಿನ್ ಹುಡುಕಿ

ಕಡಿಮೆ ಖರ್ಚಿನ ಗುಟ್ಟು ಇದೇ. ನಮ್ಮ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. ಅದರ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ ಇಲ್ಲಿ ದಶಕಗಳ ಕಾಲ ತಯಾರಾಯಿತು. ಹಾಗಾಗಿ ಮುರಿದುಹೋದ ಮತ್ತೊಂದು ಅಂಬಾಸಿಡರ್‌ನ ಅದೇ ಎಂಜಿನ್ ತಂದರೆ ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್ ಪೈಪು ಯಾವುದನ್ನೂ ಬದಲಿಸಬೇಕಿಲ್ಲ. ಆರ್‌ಸಿಯಲ್ಲಿ ಬದಲಾಗುವುದು ಎಂಜಿನ್ ಸಂಖ್ಯೆ ಮಾತ್ರ. ಹೆಚ್ಚು ಶಕ್ತಿ ಬೇಕೆನ್ನುವವರಿಗೆ ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ ಇದೆ. 1990ರ ದಶಕದಲ್ಲಿ ಕಾರ್ಖಾನೆಯೇ ಅದನ್ನು ಐದು ಗೇರ್‌ಗಳೊಂದಿಗೆ ಅಂಬಾಸಿಡರ್‌ಗೆ ಹಾಕಿ ಮಾರಿದ್ದರಿಂದ ಬ್ರಾಕೆಟ್, ಶಾಫ್ಟ್ ಎಲ್ಲವೂ ಅಂಥದೇ ಒಂದು ಹಳೆಯ ಕಾರಿನಿಂದ ಸಿಗುತ್ತವೆ. ಇದೇ ರೀತಿ ಹೆರಾಲ್ಡ್‌ನ 948 ಸಿಸಿ ಎಂಜಿನ್ ವಂಶದಲ್ಲೇ 1147 ಮತ್ತು 1296 ಸಿಸಿ ಎಂಜಿನ್‌ಗಳಿವೆ. ಮೈನರ್‌ನ ವಂಶ 1275 ಸಿಸಿವರೆಗೆ ಬೆಳೆದಿದೆ. ಇವು ನಮ್ಮಲ್ಲಿ ಅಪರೂಪ, ಸಿಕ್ಕಿದರೆ ಅದೃಷ್ಟ.

ವಂಶದ ಹೊರಗೆ ಹೋಗಲೇಬೇಕಾದರೆ ಉದ್ದಕ್ಕೆ ಕೂರುವ, ಹಿಂದಿನ ಚಕ್ರ ತಿರುಗಿಸುವ ಎಂಜಿನ್ನನ್ನೇ ಆರಿಸಿ. ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಇದಕ್ಕೆ ಹೊಂದುತ್ತದೆ. ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲದೆ ಬೇರೆಯಾಗಿ ಕೂರುವುದರಿಂದ ಗೇರ್‌ಬಾಕ್ಸಿನಿಂದ ಶಾಫ್ಟನ್ನು ನೇರವಾಗಿ ಹಿಂದಿನ ಆ್ಯಕ್ಸಲ್‌ಗೆ ಜೋಡಿಸಬಹುದು. ಸ್ವಿಫ್ಟ್, ಸ್ಯಾಂಟ್ರೊ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತರಬೇಡಿ. ಅವು ಅಡ್ಡ ಕೂರುವ, ಮುಂದಿನ ಚಕ್ರ ತಿರುಗಿಸುವ ಎಂಜಿನ್‌ಗಳು. ಡೀಸೆಲ್ ಆಸೆಯೂ ಬೇಡ: ತೂಕ, ನಡುಕ, ಜೊತೆಗೆ ಇಂಧನ ಬದಲಾವಣೆಯ ಕಾಗದ ಪತ್ರ.

ಅಳತೆಪಟ್ಟಿ ಹಿಡಿದು ಎಂಜಿನ್ನಿನ ಉದ್ದ, ಎತ್ತರ, ಮುಖ್ಯವಾಗಿ ಆಯಿಲ್ ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಗುಂಡಿ ಮುಂದಿದೆಯೋ ಹಿಂದಿದೆಯೋ ನೋಡಿ. ಸಂಪು ಹೋಗಿ ಕೆಳಗಿನ ಅಡ್ಡ ತೊಲೆಗೆ ತಾಗುವುದೇ ಇಂಥ ಕೆಲಸಗಳಲ್ಲಿ ಹೆಚ್ಚಾಗಿ ಎದುರಾಗುವ ತೊಡಕು.

ಗುಜರಿಯಲ್ಲಿ ಕೊಳ್ಳುವಾಗ

ಬೆಂಗಳೂರಿನ ಶಿವಾಜಿನಗರದಲ್ಲಿ ಕೊಂಡರೂ ಸರಿ, ಇಲ್ಲೇ ಕೊಂಡರೂ ಸರಿ, ಬಿಲ್ ಇಲ್ಲದ ಎಂಜಿನ್ ಬೇಡವೇ ಬೇಡ. ಎಂಜಿನ್ ಸಂಖ್ಯೆ ಉಜ್ಜಿದಂತೆ ಕಂಡರೆ ಅಲ್ಲಿಂದ ಎದ್ದು ಬನ್ನಿ. ಕಳವಾದ ವಾಹನದ್ದಲ್ಲ ಎಂಬುದನ್ನು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವಾಹನ ಸಮನ್ವಯ ಸೇವೆಯಲ್ಲಿ ಪರಿಶೀಲಿಸಿ. ಓಡುತ್ತಿರುವ ಎಂಜಿನ್ ತೋರಿಸಿದರೆ ಆಯಿಲ್ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ: ಹೊಗೆ ಗುಕ್ಕುಗುಕ್ಕಾಗಿ ತಳ್ಳಿದರೆ ರಿಂಗ್ ಮುಗಿದಿವೆ. ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೋಳೆ ಇದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದು.

ಗೇರ್‌ಬಾಕ್ಸ್, ಕ್ಲಚ್, ಆಲ್ಟರ್ನೇಟರ್, ಪೂರ್ತಿ ವೈರಿಂಗ್, ಇಂಜೆಕ್ಷನ್ ಎಂಜಿನ್ ಆದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಮೇತ ಒಟ್ಟಿಗೆ ಕೊಳ್ಳಿ. ಆಮೇಲೆ ಬಿಡಿಬಿಡಿಯಾಗಿ ಹುಡುಕಿದರೆ ಅಗ್ಗದ ಎಂಜಿನ್ ದುಬಾರಿಯಾಗುತ್ತದೆ. ಕೈಯಲ್ಲಿರುವ ಪ್ರತಿ ರೂಪಾಯಿಯಲ್ಲಿ ಎಂಜಿನ್‌ಗೆ 40 ಪೈಸೆ ಮೀರದಿರಲಿ. ಉಳಿದದ್ದು ಲೇತ್ ಕೆಲಸ, ಮೌಂಟಿಂಗ್, ರೇಡಿಯೇಟರ್, ಬ್ರೇಕ್‌ಗೆ ಬೇಕು. ಹೌದು, ಬ್ರೇಕ್‌ಗೂ: ವೇಗ ಹೆಚ್ಚಿಸಿದ ಮೇಲೆ ನಿಲ್ಲಿಸುವ ಶಕ್ತಿಯೂ ಹೆಚ್ಚಬೇಕು. 1960ರ ದಶಕದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಲೋಹದ ಮೈಗೆ ಅರ್ಥ್ ಆಗಿರುತ್ತದೆ. ಹೊಸ ಆಲ್ಟರ್ನೇಟರ್ ಹಚ್ಚುವ ಮುನ್ನ ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ತಿರುಗಿಸಿಕೊಳ್ಳದಿದ್ದರೆ ಡಯೋಡ್ ಸುಟ್ಟುಹೋಗುತ್ತದೆ.

ಕೆಂಪು ಧೂಳಿನ ನಮ್ಮ ರಸ್ತೆಗಳಿಗೆ ಏರ್ ಫಿಲ್ಟರ್ ಸಣ್ಣದಾಗಬಾರದು. ಎಂಜಿನ್ ಕೂತ ಮೇಲೆ ಮೊದಲು ಊರೊಳಗೇ ಓಡಿಸಿ, ನಂತರ ಸುಡು ಮಧ್ಯಾಹ್ನ ತೋರಣಗಲ್ಲಿನವರೆಗೆ ಹೋಗಿ ಬನ್ನಿ. ಬಿಸಿ ಮುಳ್ಳು ಒಂದೇ ಕಡೆ ನಿಂತಿದ್ದರೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ ನಮೂದಾದ ಪ್ರತಿಯನ್ನು ವಿಮಾ ಕಂಪನಿಗೆ ಕಳುಹಿಸಿ, ಪಾಲಿಸಿಯಲ್ಲೂ ತಿದ್ದಿಸಿಕೊಳ್ಳಿ.